ಕೊಣ್ಣೂರಿನ ವಿಧವೆ ಯಾರ ಪಾಲು

ಸೂತಕ ಕಳೆದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಾನು ಗೋಕಾಕದ ಮಿಶನ್ ದವಾಖಾನೆಗೆ ಹೋದೆ. ನನ್ನ ಗಂಡ ನೇಮಣ್ಣ ಹೊಟ್ಟೆನೋವಿಗೆಂದು ಅಲ್ಲಿಂದ ಎರವಲು ತಂದಿದ್ದ ಬಿಸಿನೀರಿನ ರಬ್ಬರ್ ಚೀಲವನ್ನು ಹಿಂದಿರುಗಿಸಬೇಕಾಗಿತ್ತು. ಪಡಸಾಲೆಯಲ್ಲಿ ಊರೂರು ತಿರುಗಿ ಸುವಾರ್ತೆ ಸಾರುವ ಇಬ್ಬರು ಹೆಂಗಸರು ಕುಳಿತಿದ್ದರು. ಅವರು ನನ್ನನ್ನು ಎಂದೂ ಕಂಡವರಲ್ಲ. ಚೀಲವನ್ನು ಸೆರಗಿನೊಳಗಿಟ್ಟುಕೊಂಡು ನಾನೂ ಒಂದು ಬದಿಗೆ ಕುಳಿತೆ.

“ಮಾರ್ಥಕ್ಕಾ, ಕೊಣ್ಣೂರ ನೇಮಣ್ಣ ತೀರಿಕೊಂಡ್ರಂತ. ಹೆಂಡತಿ ಬಾಳ ಕಲತಾಕಿ. ನಾಳಿ ಹೋಗಿ ಯೇಸುವಿನ ಮಾತು ಹೇಳಿ ಬರ್ತೇನ್ರಿ,” ಎಂದಳು ಕಿರಿಯಳು.

“ನೀ ಯಾಕ ರೂತವ್ವಾ? ಆಕಿ ಗಂಡಗ ಚೀಲ ಕೊಟ್ಟಾಕಿ ನಾನು.”

“ಚೀಲ ಕೊಟ್ರ ಮನಿನೂ ನಿಮ್ದಾತೇನ್ರಿ?”

“ಘೋಡಗೇರಿ ಸೀತವ್ವನ್ನೂ ಹಿಂಗ ಕಸಗೊಂಡಿ. ನಾ ವರ್ಷಗಟ್ಟಲೆ ಕಟ್ಟಿ ಮ್ಯಾಲೆ ನಿಂತು ಒದರಿದೆ. ನೀ ಒಂದ ಮುಂಜಾನಿ ಆಕಿ ಕೂಡ ಬೀಸಾಕ ಕುಂತು ಯೇಸುವಿನ ಪದಾ ಹಾಡಿದಿ. ದೀಕ್ಷಾಸ್ನಾನಕ್ಕ ನಿನ್ನ ಕೈನ ಹಿಡದ್ಲು.”

“ನೀವೂ ಬೀಸಾಕ ಕುಂದರಬೇಕಿತ್ತು.”

“ನನ್ನ ದನಿ ಕೇಳಿದ್ರ ಬೀಸೂಕಲ್ಲ ನಿಂತಬಿಡ್ತೈತಿ.”

ರೂತವ್ವ ನಕ್ಕಳು. ಮಾರ್ಥಕ್ಕ ನಗಲಿಲ್ಲ.

“ಈ ಒಬ್ಬಾಕಿನ್ನರ ನನಗ ಬಿಡ. ಏನ ಹೇಳಬೇಕಂತ ಮುಂಜಾನಿಂದ ಬಾಯಿಪಾಠ ಮಾಡಾಕತ್ತೇನಿ.”

“ಕಲತಾಕಿಗೆ ಬಾಯಿಪಾಠ ಹಿಡಸೂದಿಲ್ರಿ.”

ನಾನು ಎದ್ದು ಚೀಲವನ್ನು ಮಾರ್ಥಕ್ಕನ ಮಡಿಲಲ್ಲಿಟ್ಟೆ. ಆಕೆ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಿಪಾಠಕ್ಕೆ ಹೋಗದೆ ಚೀಲವನ್ನು ಅಂಗೈಯಿಂದ ಸವರಿದಳು.

“ಬಿಸಿ ತಡೀತೇನವ್ವಾ?”

“ಕೊನೀತನಕ ತಡೀತ್ರಿ,” ಎಂದೆ.

ಮಾರ್ಥಕ್ಕ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ರೂತವ್ವ ನಮ್ಮಿಬ್ಬರನ್ನೂ ತಿರುತಿರುಗಿ ನೋಡುತ್ತ ಮೆಟ್ಟಿಲಿಳಿದು ಹೋದಳು.