ನಾನು ಬರೆದ ಕಾಯಿಲೆ

ಸಭೆಯ ಅಧ್ಯಕ್ಷರಾದ ಗುರಲಿಂಗಪ್ಪನವರೇ, ಮುಖ್ಯ ಅತಿಥಿಗಳೇ, ಭಾನುವಾರದ ನಿದ್ದೆ ಬಿಟ್ಟು, ಲೋಕಲ್ ರೈಲು ಹಿಡಿದು ಮಾಟುಂಗದವರೆಗೆ ಬಂದಿರುವ ಸಭಿಕರೇ,

ಕಾರ್ಯದರ್ಶಿಗಳು ನನ್ನನ್ನು ಪರಿಚಯಿಸುತ್ತ, "ಸದಾನಂದ ಮಾಸ್ತರರು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಕನ್ನಡಿಗರ ಮರ್ಯಾದೆ ಉಳಿಸಿದವರು" ಎಂದರು. ಕೇಳಲು ಹಿತವಾಗಿಯೇ ಇತ್ತು. ಹದಿನೆಂಟು ವರ್ಷ ನಾನು ಅಲ್ಲಿ ಭೂಗೋಳ ಕಲಿಸಿದೆ. ಇಪ್ಪತ್ತೆರಡು ದೇಶಗಳ ಮಕ್ಕಳು. ಎಲ್ಲ ದೇಶಗಳ ಹಬ್ಬಕ್ಕೂ ರಜೆ ಬೇಕೆಂದು ಮಕ್ಕಳು ಕೇಳುತ್ತಿದ್ದರು. ಮಾಸ್ತರರಾದ ನಾವು ಕೇಳಲಾರದೆ ಸುಮ್ಮನಿರುತ್ತಿದ್ದೆವು. ಪಿಯಾನೊ ಇತ್ತು, ಈಜುಕೊಳ ಇತ್ತು, ನಾಟಕವಿತ್ತು. ಜಗತ್ತೆಲ್ಲ ಒಂದೇ ಕುಟುಂಬವೆಂದು ಗೇಟಿನ ಮೇಲೆ ಕೆತ್ತಿಸಿದ್ದರು. ಆ ಕುಟುಂಬಕ್ಕೆ ಅಡುಗೆ ಮಾಡುತ್ತಿದ್ದವರು ನಮ್ಮ ಉಡುಪಿ ಕಡೆಯ ಕೊರಗಪ್ಪ.

ನೌಕರರ ಒಂದು ಮಗುವಿಗೆ ಅಲ್ಲಿ ಕಲಿಯಲು ಅವಕಾಶವಿತ್ತು. ಹಾಗೆ ಬಂದವಳು ಕೊರಗಪ್ಪನವರ ಮಗಳು ನೀಲಾವತಿ. ವಡಾಲದಿಂದ ದಿನವೂ ಅಪ್ಪನ ಜೊತೆ ಬೆಳಗಿನ ಗಾಡಿಗೆ ಬರುವಳು. ಓದಿನಲ್ಲಿ ಮುಂದು, ಓಟದಲ್ಲಿ ಇನ್ನೂ ಮುಂದು.

ಒಂಬತ್ತು ವರ್ಷಗಳ ಹಿಂದೆ, ಅರವತ್ತೊಂಬತ್ತರಲ್ಲಿ, ಒಂಬತ್ತನೆಯ ತರಗತಿಯವರು ಒಬ್ಬೊಬ್ಬರು ಒಂದೊಂದು ದೇಶದ ಪರವಾಗಿ ಮಾತಾಡುವ ಅಣಕು ವಿಶ್ವಸಂಸ್ಥೆ ನಡೆಸಿದರು. ಚೀಟಿ ಎತ್ತಿದಾಗ ನೀಲಾವತಿಗೆ ಸಿಕ್ಕಿದ್ದು ಬೊಲಿವಿಯಾ. ಸಮುದ್ರವಿಲ್ಲದ ದೇಶ. ಉಳಿದವರು ನಕ್ಕರು. ಅವಳು ಎದ್ದು ನಿಂತು, "ನಾವು ನಿಮ್ಮ ಸಮುದ್ರ ಕೇಳುತ್ತಿಲ್ಲ, ಅಲ್ಲಿಯವರೆಗೆ ನಡೆದು ಬರಲು ಒಂದು ದಾರಿ ಕೇಳುತ್ತಿದ್ದೇವೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಕ್ಕವರೇ ತಿರುಗಿ ಅವಳನ್ನು ನೋಡಿದರು. ಆಮೇಲೆ ಚಪ್ಪಾಳೆ. ದೆಹಲಿಯಲ್ಲಿ ನಡೆಯುವ ಅಂಥದೇ ಸ್ಪರ್ಧೆಗೆ ಹೋಗುವ ಮೂವರಲ್ಲಿ ಮೊದಲ ಹೆಸರು ಅವಳದೇ. ಆರಿಸಿದವನು ನಾನೇ.

ಮರುದಿನ ಪ್ರಿನ್ಸಿಪಾಲರು ಕರೆಸಿದರು. "ದೆಹಲಿಯಲ್ಲಿ ಮಕ್ಕಳು ರಾಯಭಾರಿಗಳ ಮನೆಯಲ್ಲಿ ಉಳಿಯುತ್ತಾರೆ. ನಮ್ಮ ಅಡುಗೆಯವನ ಮಗಳನ್ನು ಅವರ ಟೇಬಲ್ಲಿಗೆ ಹೇಗೆ ಕಳಿಸಲಿ? ನೋಯದ ಹಾಗೆ ಒಂದು ಕಾರಣ ನೀವೇ ಬರೆಯಿರಿ" ಎಂದರು. ಆ ವರ್ಷ ಹಿರಿಯ ಮಾಸ್ತರನ ಜಾಗ ಖಾಲಿಯಿತ್ತು. ನಾನು ವಾದಿಸಿದೆನೇ? ಇಲ್ಲ. ಒಂದು ರಾತ್ರಿಯಾದರೂ ಯೋಚಿಸಿದೆನೇ? ಅದೂ ಇಲ್ಲ. ಅಲ್ಲೇ, ಅವರ ಪೆನ್ನಿನಿಂದಲೇ, ಅವಳ ಪ್ರಗತಿ ಪುಸ್ತಕದಲ್ಲಿ ಬರೆದೆ: 'ಎದೆ ದುರ್ಬಲ. ಪ್ರಯಾಣ, ಶ್ರಮ ಸಲ್ಲದು.'

ಒಂದು ಪ್ರಯಾಣ ತಪ್ಪಿಸಲು ಬರೆದ ಮಾತು ಅದು. ಅಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ.

ವಾರದ ನಂತರ ಕೊರಗಪ್ಪ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಕೈಯಲ್ಲಿ ಎಕ್ಸ್‌ರೇ. "ಡಾಕ್ಟ್ರು ಎದೆಯಲ್ಲಿ ಎಂತದೂ ಇಲ್ಲ ಹೇಳ್ತಾರೆ ಮಾಸ್ಟ್ರೇ. ಅವರಿಗೆ ಗೊತ್ತಾಗ್ಲಿಲ್ವೋ ಏನೋ. ನೀವು ಬರೆದದ್ದು ಸುಳ್ಳಾಗ್ಲಿಕ್ಕುಂಟಾ?"

ಆಗ ಹೇಳಬಹುದಿತ್ತು. "ಜೋಪಾನವಾಗಿ ನೋಡಿಕೊಳ್ಳಿ" ಎಂದೆ.

ಅವರು ಜೋಪಾನವಾಗಿಯೇ ನೋಡಿಕೊಂಡರು. ಮೊದಲು ಓಟ ಬಿಡಿಸಿದರು. ಆಮೇಲೆ ಓದಿ ಓದಿಯೇ ಎದೆ ಸೋತಿತೆಂದು ಶಾಲೆ ಬಿಡಿಸಿ, ಊರಿನ ಗಾಳಿ ಒಳ್ಳೆಯದೆಂದು ಸೋದರತ್ತೆಯ ಮನೆಗೆ ಕಳಿಸಿದರು. ಎದೆ ಸೀಕಿನ ಹುಡುಗಿ ಎಂದು ಹೆಸರಾದ ಮೇಲೆ ಬಂದ ಸಂಬಂಧ ಒಂದೇ. ದಹಿಸರಿನಲ್ಲಿ ಅಂಗಡಿ ಇಟ್ಟಿರುವ, ಅವಳಿಗಿಂತ ಹತ್ತೊಂಬತ್ತು ವರ್ಷ ದೊಡ್ಡ ವಿಧುರ. ಮದುವೆಗೆ ನಾನೂ ಹೋಗಿದ್ದೆ, ಸಭಿಕರೇ. ಹಿರಿಯ ಮಾಸ್ತರನಾಗಿ. ಊಟವನ್ನೂ ಮಾಡಿದೆ.

ಇವತ್ತಿನ ಸನ್ಮಾನದ ಆಮಂತ್ರಣ ಕೊಡುವ ನೆಪದಲ್ಲಿ ಹೋದ ತಿಂಗಳು ದಹಿಸರಿಗೆ ಹೋದೆ. ನೀಲಾವತಿ ಅಂಗಡಿಯಲ್ಲಿ ಅಕ್ಕಿ ಮೂಟೆ ಸರಿಸುತ್ತಿದ್ದಳು, ಒಬ್ಬಳೇ. ನನಗೆ ಸ್ಟೂಲು ಕೊಟ್ಟಳು. ಒಂಬತ್ತು ವರ್ಷ ನುಂಗಿಕೊಂಡಿದ್ದುದನ್ನು ತಡವರಿಸುತ್ತ ಹೇಳಿದೆ.

"ನನಗೆ ಆವತ್ತೇ ಗೊತ್ತಿತ್ತು ಸರ್. ನಾನು ಕೆಮ್ಮಿದವಳೇ ಅಲ್ಲವಲ್ಲ" ಎಂದಳು.

"ಅಪ್ಪನಿಗೆ ಏಕೆ ಹೇಳಲಿಲ್ಲ ಮಗಾ?"

"ಹೇಳಿದೆ. ತುಂಬಾ ಸಲ ಹೇಳಿದೆ. ದೆಹಲಿಗೆ ಹೋಗ್ಲಿಕ್ಕೆ ಸುಳ್ಳು ಹೇಳ್ತೀಯಾ ಅಂತ ಹೊಡೆದ್ರು. ಅಪ್ಪ ನನಗೆ ಹೊಡೆದದ್ದು ಅದೊಂದೇ ಸಲ."

ನಾನು ಆಮಂತ್ರಣವನ್ನು ಅವಳ ಕೈಗಿಟ್ಟೆ. ಅದನ್ನು ತಿರುಗಿಸಿ ನೋಡಿ ಅವಳೇ ಅಂದಳು: "ನಾನು ಬರುವುದಿಲ್ಲ ಸರ್. ಅಪ್ಪ ಬರ್ತಾರೆ, ನೀವಂದ್ರೆ ಅವರಿಗೆ ದೇವರು. ನನ್ನ ಹತ್ರ ಹೇಳಿ ಏನು ಉಪಯೋಗ? ಅವರ ಹತ್ರ ಹೇಳಿ."

ಮಹನೀಯರೇ, ಈ ಶಾಲನ್ನು ಹೊದಿಸಿದ್ದೀರಿ. ಬೇಡವೆನ್ನುವ ಧೈರ್ಯ ಆಗ ಬರಲಿಲ್ಲ. ಈಗ ಮಡಚಿ ಮೇಜಿನ ಮೇಲೆ ಇಡುತ್ತಿದ್ದೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞ. ಇನ್ನೊಂದೇ ಮಾತು, ಅದು ನಾಲ್ಕನೆಯ ಸಾಲಿನಲ್ಲಿ ಕುಳಿತಿರುವ ಒಬ್ಬರಿಗೆ.

ಕೊರಗಪ್ಪನವರೇ, ನಿಮ್ಮ ಮಗಳು ನಿಜವನ್ನೇ ಹೇಳಿದ್ದಳು.

ನಮಸ್ಕಾರ.