ಸತ್ತವರು ವಾಪಸ್ ಬರುವ ಸೀರಿಯಲ್

ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ರಿಪೋರ್ಟಿಗೆ ಕಾಯುತ್ತಿದ್ದರು. ಪರೀಕ್ಷೆ ಆಗಿದ್ದು ಅಕ್ಕನಿಗೆ. ಟೈಲರ್ ಇರಬೇಕು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಆ ದೆವ್ವದ ಸೀರಿಯಲ್ ನೋಡೋದು ಬಿಟ್ಟೆ ಕಣೇ" ಅಂದಳು ಅಕ್ಕ.

"ಆರು ವರ್ಷದಿಂದ ಒಂದು ದಿನಾನೂ ತಪ್ಪಿಸಿರಲಿಲ್ಲ ನೀನು!"

"ಆಗ ಬರೆಯೋನಿಗೆ ನಿಯತ್ತಿತ್ತು. ಬಾವಿಯಲ್ಲಿರೋ ದೆವ್ವ ಹೆಸರು ಹಿಡಿದು ಕರೆದರೆ ಮುಗೀತು, ಹೋದವರು ಹೋದರು. ಮೈ ಜುಂ ಅನ್ನೋದು. ಈಗ ಸತ್ತವರೆಲ್ಲ ಸೋಮವಾರಕ್ಕೆ ತಲೆ ಬಾಚಿಕೊಂಡು ವಾಪಸ್ ಬರ್ತಾರೆ."

"ಬರಲಿ ಬಿಡಕ್ಕ. ನೋಡೋರಿಗೆ ಸಮಾಧಾನ."

"ಸಮಾಧಾನಕ್ಕೆ ಅಂತ ಸುಳ್ಳು ಬರೆದರೆ ಗೊತ್ತಾಗಲ್ವಾ? ನಿನ್ನೆ ಡಾಕ್ಟರು ನಿನ್ನೊಬ್ಬಳನ್ನೇ ಕರೆದು ಏನಂದರು?"

"ಗ್ಯಾಸ್ಟ್ರಿಕ್ ಅಂದರು."

"ಗ್ಯಾಸ್ಟ್ರಿಕ್‌ಗೆ ಮೂರು ಸಲ ಸ್ಕ್ಯಾನ್ ಮಾಡ್ತಾರಾ? ನೀನೂ ಆ ಸೀರಿಯಲ್ ಬರೆಯೋನ ಹಾಗೇ ಕಥೆ ಕಟ್ಟೋಕೆ ಶುರು ಮಾಡಿದೆಯಲ್ಲೇ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, "ಪೇಷಂಟ್ ಇಲ್ಲೇ ಕೂತಿರಲಿ, ಜೊತೆಗೆ ಬಂದವರು ಮಾತ್ರ ಒಳಗೆ ಬನ್ನಿ" ಅಂದಳು.

ತಂಗಿ ಬೆಂಚು ಬಿಟ್ಟು ಏಳಲಿಲ್ಲ. ಅಕ್ಕನೇ ಎದ್ದು, ಅವಳ ಕೈ ಹಿಡಿದು ಎಬ್ಬಿಸಿದಳು.

"ನಡಿ, ಇಬ್ಬರೂ ಒಟ್ಟಿಗೇ ಕೇಳೋಣ."

ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.