ಕರಿಬಸಮ್ಮನ ಕೊಟ್ಟಿಗೆಯ ಐದು ಶೀಟು

...ಬರೀರಿ ಮೇಡಂ, ಬರೀರಿ! ವಿಲೇಜ್ ಅಕೌಂಟೆಂಟ್ ಅಂದ್ರೆ ಬರೆಯೋರಲ್ವಾ? ಕರಿಬಸಮ್ಮ, ಕೊಟ್ಟಿಗೆ ಶೀಟು ಐದು, ಸೋಮವಾರದ ಬಿರುಗಾಳಿಗೆ ಹಾರಿಹೋದ್ವು. ಅಷ್ಟೇ! ಅರ್ಧ ಊರಿನ ಸೂರೇ ಹಾರೋಯ್ತು, ನನ್ನ ಶೀಟು ಹಾರಿದ್ದೇನು ಹೆಚ್ಚು?

ಕೂತ್ಕೊಳ್ಳಿ, ಮಜ್ಜಿಗೆ ಕುಡೀರಿ. ಅಜ್ಜಂಪುರದಿಂದ ಈ ಬಿಸಿಲಲ್ಲಿ... ಹುಷಾರು, ಹಸು ಕಾಲು! ಹೂಂ, ನಡುಮನೇಲೇ ಕಟ್ಟಿದ್ದೀನಿ. ನಾನು ಮಾತಾಡಿದ್ರೆ ತಲೆ ಆಡಿಸ್ತದೆ. ನಮ್ಮೆಜಮಾನ್ರು ಅಷ್ಟೂ ಮಾಡ್ತಿರ್ಲಿಲ್ಲ.

ಯಾಕೆ ನಗ್ತೀರಿ?

ಏನು? ಕೆಳಗಿನ ಮರದ ಒಂದು ರೀಪೂ ಮುರೀದೆ ಐದೂ ಶೀಟು ಹೆಂಗೆ ಹೋದ್ವು ಅಂತೀರಾ? ಈ ಸಲದ ಗಾಳಿ ಬಲೇ ನಾಜೂಕು ಕಣ್ರೀ! ಸುತ್ತಿ ಸುತ್ತಿ ಬೀಸ್ತು... ನಟ್ಟು ತಾನಾಗೇ ಬಿಚ್ಚಿಕೊಂಡ್ವು. ಕೊಟ್ಟಿಗೆಗೆ ಏಣಿ ಯಾಕೆ ಒರಗಿದೆ ಅಂತೀರಾ? ಏಣಿ... ಏಣಿ ಯಾವಾಗ್ಲೂ ಅಲ್ಲೇ ಇರ್ತದೆ ಬಿಡಿ!

ಶಾಲೇಲಿ ಊಟ ಹಾಕೋದು ನೋಡಿದ್ರಾ? ನಾಲ್ಕು ದಿನದಿಂದ ಇಡೀ ಊರು ಅಲ್ಲೇ ಉಣ್ತಿದೆ. ಬೀರೂರಿನೋರು ಬಟ್ಟೆ ಗಂಟು ಕಳ್ಸಿದ್ರು. ಬಿಚ್ಚಿದ್ರೆ ಬರೀ ಕೋಟು! ನಮ್ಮ ಬೀದಿ ಕರಿಸಿದ್ದಪ್ಪ ಈಗ ಮದುಮಗನ ಹಂಗೆ ಕೋಟು ಹಾಕ್ಕೊಂಡೇ ಸಗಣಿ ಬಾಚ್ತಾನೆ. ನಾನು ಸಾರು ಬಡಿಸ್ತೀನಿ, ಪಕ್ಕದ ಮನೆ ಹಾಲಮ್ಮ ಮುದ್ದೆ ಹಾಕ್ತಾಳೆ. ಸಾರು ಮುಗಿದ್ರೆ ನನಗೆ ಹೇಳಲ್ಲ! ತಟ್ಟೆ ಹಿಡಿದು ಬಂದೋರಿಗೆ, "ಸಾರು ತರ್ಬೇಕಂತೆ ಅನ್ನಿ ಆಯಮ್ಮಂಗೆ" ಅಂತಾಳೆ. ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು. ನನ್ನ ಮಗಳ ನಿಶ್ಚಿತಾರ್ಥದಾಗೆ, ಬೀಗರ ಮುಂದೆ, ನನ್ನ ಹೋಳಿಗೆ ಚಪ್ಪಲಿಯಷ್ಟು ದಪ್ಪ ಅಂದ್ಲು ಕಣ್ರೀ! ಅವತ್ತಿಂದ ಅವರ ಮನೆ ನೀರು ನಮಗಿಲ್ಲ, ನಮ್ಮನೆ ಉಪ್ಪು ಅವರಿಗಿಲ್ಲ.

ಯಾಕೆ ಆ ಕಡೆ ನೋಡ್ತೀರಿ? ಹೂಂ, ಅದೇ ಅವಳ ಮನೆ. ಹೆಂಚೆಲ್ಲ ಹೋಗಿತ್ತು ಪಾಪ... ಪಾಪ ಅಂದಿಲ್ಲ ನಾನು! ಕಡೂರಿನ ಯಾರೋ ದಾನಿಗಳು ಶೀಟು ಕೊಟ್ರಂತೆ, ನಮ್ಮೂರಿನ ಹಾಲೇಶ್ ತನ್ನ ಟ್ರಾಕ್ಟರಲ್ಲಿ ತಂದು ಹಾಕಿಕೊಟ್ಟ. ನೀಲಿ ಬಣ್ಣನಾ? ಇರ್ಬೋದು. ನನ್ನವೂ ನೀಲಿನೇ. ಪ್ರಪಂಚದಾಗೆ ನೀಲಿ ಶೀಟು ನನ್ನವೇನಾ? ಎಣಿಸ್ಬೇಡಿ! ಐದಿದ್ರೆ ಏನೀಗ?

ಪೆನ್ನು ಯಾಕೆ ಮುಚ್ಚಿದ್ರಿ ಮೇಡಂ? ಹಿಂಗೆ ಏಣಿ ಒಂದ್ಸಲ, ಆ ಸೂರು ಒಂದ್ಸಲ ನೋಡಿದ್ರೆ ನಾನೇನು ಮಾಡ್ಲಿ...

ಹೂಂ, ನಾನೇ ಬಿಚ್ಚಿದ್ದು! ಅವಳ ಮಗಳು ದೀಪಶ್ರೀ ಬಾಣಂತಿ. ಹನ್ನೆರಡು ದಿನದ ಕೂಸು. ಮೇಲೆ ಟಾರ್ಪಾಲು ಕಟ್ಟಿದ್ರು, ಸೋರ್ತಿತ್ತು. ಕೂಸು ಅಳೋದು ಗೋಡೆ ದಾಟಿ ಬರೋದು. ನನ್ನ ಹಸುಗೆ ನಡುಮನೆ ಇದೆ, ಆ ಕೂಸಿಗೇನಿತ್ತು?

ಪರಿಹಾರ ನನಗೆ ಬೇಡ, ಹೆಸರು ಹೊಡೆದುಹಾಕಿ. ಹಾಲಮ್ಮಂಗೆ ಮಾತ್ರ ಹೇಳ್ಬೇಡಿ, ಕೈ ಮುಗೀತೀನಿ. ನನ್ನವು ಅಂತ ಗೊತ್ತಾದ್ರೆ ಇವತ್ತೇ ಕಿತ್ತು ನನ್ನಂಗಳಕ್ಕೆ ಎಸೀತಾಳೆ. ಮತ್ತೆ ಮಳೆ ಬಂದ್ರೆ ಕೂಸಿನ ಗತಿ?

ಮತ್ತೆ ಯಾಕೆ ನಗ್ತೀರಿ? ತಲೆ ಯಾಕೆ ತಗ್ಗಿಸಿದ್ರಿ?

ನಿಲ್ಲಿ... ನಾನು ಅರ್ಜಿನೇ ಕೊಟ್ಟಿಲ್ವಲ್ಲ. ನನ್ನ ಕೊಟ್ಟಿಗೆ ಬೋಳಾಗಿದೆ ಅಂತ ನಿಮಗೆ ಹೇಳಿದ್ಯಾರು? ಹಾಲೇಶ್ ಅಲ್ಲ, ಅವನ ಹತ್ರ ಆಣೆ ಮಾಡಿಸ್ಕೊಂಡಿದ್ದೀನಿ. ಮತ್ತೆ... ಅವಳಾ? ಹಾಲಮ್ಮನೇ ಕಳ್ಸಿದ್ಲಾ ನಿಮ್ಮನ್ನ?

ಶೀಟು ನನ್ನವು ಅಂತ ಗೊತ್ತಿದ್ದೂ... ಗೊತ್ತಿದ್ದೂ ಆ ಸೂರಿನ ಕೆಳಗೇ ಕೂತಿದ್ದಾಳಾ!

ಏನೂ ಬರೀಬೇಡಿ ಮೇಡಂ. ಹೋಗ್ತಾ ಅವಳ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಕೂಸು ನಿದ್ದೆ ಮಾಡ್ತಿದೆಯಾ ಅಂತ ಕೇಳಿ. ನಾನು ಕೇಳಿದೆ ಅಂತ ಮಾತ್ರ ಹೇಳ್ಬೇಡಿ...

ಹೇಳಿದ್ರೂ ಪರ್ವಾಗಿಲ್ಲ ಬಿಡಿ.